ನಾನು ನೋಡದ ಕ್ಲೈಮ್ಯಾಕ್ಸು

ಸಿನಿಮಾ ಹುಚ್ಚಿನಲ್ಲಿ ನನ್ನನ್ನು ಮೀರಿಸುವವರು ಹುಣಸೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಬರಲಿ, ಒಂದು ಕೈ ನೋಡೇಬಿಡೋಣ. ಐವತ್ತು ಹತ್ತಿರ ಬಂತು, ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಅನ್ನಿಸಿಕೊಂಡು ಮಕ್ಕಳಿಗೆ ಹೂಜಿ, ಸೇಬು ಬರೆಯಲು ಕಲಿಸುತ್ತೇನೆ. ಆದರೂ ಬಸ್ಸಿನ ಕಿಟಕಿಯಲ್ಲಿ ಹೊಸ ಪೋಸ್ಟರ್ ಕಂಡರೆ ಸಾಕು, ಎದೆ ಡವಡವ ಅನ್ನುತ್ತದೆ. ಪಕ್ಕದಲ್ಲಿ ಕೂತವರ ಗುರುತು ಇಲ್ಲದಿದ್ದರೂ ಮೊಣಕೈಯಲ್ಲಿ ತಿವಿದು ತೋರಿಸುತ್ತೇನೆ. ಕೆಲವರು ಸೀಟು ಬದಲಾಯಿಸಿದ್ದೂ ಉಂಟು.

ಬರೀ ಸಿನಿಮಾ ಆಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕಥೆಗಳನ್ನು ಒಂದೂ ಬಿಡದೆ ಕಿತ್ತು, ಹೊಗೆಸೊಪ್ಪು ಕಟ್ಟುವ ದಾರದಲ್ಲೇ ಹೊಲಿದು ಇಟ್ಟುಕೊಂಡಿದ್ದೇನೆ. ಆ ಪುಟಗಳ ಅಂಚಿನಲ್ಲಿ ಈಗಲೂ ನನ್ನ ಬೆರಳಚ್ಚು ಕಪ್ಪಗೆ ಇದೆ. ಹಸಿ ಹೊಗೆಸೊಪ್ಪಿನ ಅಂಟು ಎಷ್ಟು ಉಜ್ಜಿದರೂ ಕೈಬಿಟ್ಟು ಹೋಗುತ್ತಿರಲಿಲ್ಲ. ಹುಣಸೂರಿನ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ ಕೊಟ್ಟು, ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು, ತುಂಬಿಸಿಕೊಂಡು ಬರುತ್ತಿದ್ದೆವು. ಪೋಸ್ಟರಿನಲ್ಲಿ ಕಂಡ ನಾಯಕಿಯ ಕಣ್ಣನ್ನು ನಾನು ಬ್ಯಾರನ್ನಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದೆ. ಬ್ಯಾರನ್ ಅಂದರೆ ಒಲೆ ಹೂಡಿ ಸೊಪ್ಪನ್ನು ಬೇಯಿಸಿ ಒಣಗಿಸುವ ಎತ್ತರದ ಮನೆ, ಕಿಟಕಿಯಿಲ್ಲದ ಅಷ್ಟಗಲ ಗೋಡೆ. ಅಪ್ಪ ಸುಣ್ಣ ಹೊಡೆಸಿದ. ಮತ್ತೆ ಬರೆದೆ. ಮತ್ತೆ ಹೊಡೆಸಿದ. ನಾಲ್ಕು ವರ್ಷ ನಮ್ಮಿಬ್ಬರಲ್ಲಿ ಯಾರೂ ಸೋಲಲಿಲ್ಲ.

ಇಷ್ಟೆಲ್ಲ ಜಂಬ ಕೊಚ್ಚಿಕೊಂಡ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಹದಿನೈದು ವರ್ಷ ತುಂಬುವವರೆಗೆ ನಾನು ಒಂದೇ ಒಂದು ಸಿನಿಮಾವನ್ನೂ ಕೊನೆಯವರೆಗೆ ನೋಡಿರಲಿಲ್ಲ!

ನಮ್ಮೂರು ವೀರನಹೊಸಹಳ್ಳಿಯ ಕಡೆ. ಕತ್ತಲಾಗುವ ಹೊತ್ತಿಗೆ ರಸ್ತೆಗೆ ಆನೆ ಇಳಿಯುತ್ತದೆ ಅಂತ ಆ ಕಡೆಯ ಕೊನೆಯ ಬಸ್ಸು ಐದು ಗಂಟೆಗೇ ಹುಣಸೂರು ಬಿಡುತ್ತಿತ್ತು. ಮ್ಯಾಟ್ನಿ ಮುಗಿಯುತ್ತಿದ್ದುದು ಐದೂವರೆಗೆ. ಸಂತೆಗೆ ಹೋದ ದಿನ ಅವ್ವ ನನ್ನನ್ನು ಸಿನಿಮಾಗೆ ಕರೆದುಕೊಂಡು ಹೋಗುತ್ತಿದ್ದಳು, ಅವಳಿಗೂ ಹುಚ್ಚಿತ್ತು. ಆದರೆ ಐದಕ್ಕೆ ಕಾಲು ಗಂಟೆ ಇರುವಾಗ, ತೆರೆಯ ಮೇಲೆ ನಾಯಕ ಬಾವಿಯಲ್ಲೇ ಬಿದ್ದಿರಲಿ, ಬೆಂಕಿಯಲ್ಲೇ ಬೇಯುತ್ತಿರಲಿ, ಅವ್ವ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು. ನಮ್ಮ ಕಡೆಯ ಹತ್ತಾರು ಹಳ್ಳಿಯವರೂ ಒಟ್ಟಿಗೆ ಎದ್ದು, ಉಳಿದವರ ಬೈಗುಳ ತಿನ್ನುತ್ತಾ, ಹಿಂದೆ ತಿರುಗಿ ತಿರುಗಿ ನೋಡುತ್ತಾ ಹೊರಗೆ ಬರುತ್ತಿದ್ದರು. ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಾದರೂ ಕತೆ ಪೂರ್ತಿ ಇರುತ್ತದೆಯೇ? ಅದೂ ಇಲ್ಲ. ಸರಿಯಾದ ಜಾಗಕ್ಕೆ ಬಂದು, ಮುಂದಿನದನ್ನು ತೆರೆಯ ಮೇಲೆ ನೋಡಿ ಅಂತ ಕೈ ತೊಳೆದುಕೊಳ್ಳುತ್ತಿತ್ತು. ಅದನ್ನು ಬರೆದವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕೊನೆ ಗೊತ್ತಿಲ್ಲ ಅಂತ ಹೇಳುವ ಹಾಗೂ ಇರಲಿಲ್ಲ. ಸೊಪ್ಪು ಮುರಿಯುವ ಕಾಲದಲ್ಲಿ ಹೆಂಗಸರೆಲ್ಲ ಬ್ಯಾರನ್ ಮುಂದಿನ ಚಪ್ಪರದಲ್ಲಿ ಸಾಲಾಗಿ ಕೂತು ಎಲೆಗಳನ್ನು ದಾರದಿಂದ ಕೋಲಿಗೆ ಕಟ್ಟುತ್ತಿದ್ದರು. ಅಲ್ಲಿ ಒಂದು ಪದ್ಧತಿ ಇತ್ತು. ಯಾರು ಕತೆ ಹೇಳುತ್ತಾರೋ ಅವರ ಪಾಲಿನ ಕೋಲುಗಳನ್ನು ಉಳಿದವರು ಹಂಚಿಕೊಂಡು ಕಟ್ಟಿಬಿಡುವುದು. ಕತೆ ಸಪ್ಪೆಯಾದರೆ ಮಾತ್ರ ಎದ್ದು ಬಂದು ಕಟ್ಟಬೇಕು. ನನ್ನ ಕೈಯಲ್ಲಿ ಅವರು ಒಂದು ಕೋಲನ್ನೂ ಕಟ್ಟಿಸಲಿಲ್ಲ, ನೋಡಿ! ಹಾಡು ಬಂದರೆ ಹಾಡುತ್ತಿದ್ದೆ, ಫೈಟು ಬಂದರೆ ಡಿಶುಂ ಡಿಶುಂ ಅಂತ ಬಿದ್ದು ಹೊರಳುತ್ತಿದ್ದೆ, ಅತ್ತೆ ಸೊಸೆಯರ ಜಗಳಕ್ಕೆ ಎರಡು ದನಿ ತೆಗೆಯುತ್ತಿದ್ದೆ. ಕೊನೆ ಬಂದಾಗ ಕಣ್ಣು ಮುಚ್ಚಿಕೊಂಡು ಒಂದು ಕೊನೆ ಹುಟ್ಟಿಸುತ್ತಿದ್ದೆ. ಸುಳ್ಳು ಅಂತ ಅವ್ವ ಒಬ್ಬಳಿಗೇ ಗೊತ್ತು. ಅವಳು ತುಟಿ ಬಿಚ್ಚುತ್ತಿರಲಿಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಆ ಚಪ್ಪರಕ್ಕೆ ನನ್ನ ಸೋದರತ್ತೆ ಬಂದಳು, ಅಪ್ಪನ ತಂಗಿ. ಕೆ.ಆರ್. ನಗರದ ಕಡೆ ನೀರಾವರಿ ಊರಿಗೆ ಕೊಟ್ಟಿದ್ದರು. ಸೊಪ್ಪಿನ ಕೆಲಸಕ್ಕೆ ಅಣ್ಣನಿಗೆ ನೆರವಾಗಲು ಬಂದಿದ್ದೇನೆ ಅಂದಳು. ತೋಳಿನ ಬಾಸುಂಡೆಗಳನ್ನು ನೋಡಿದ ಚಪ್ಪರದ ಹೆಂಗಸರಿಗೆ ನಿಜ ತಿಳಿಯಿತು, ನನಗೂ ತಿಳಿಯಿತು. ಅಪ್ಪನಿಗೆ ಮಾತ್ರ ತಿಳಿಯಲಿಲ್ಲ, ಇಲ್ಲವೇ ತಿಳಿದೂ ತಿಳಿಯದವನಂತೆ ಇದ್ದ. "ಸೊಪ್ಪು ಮುಗೀಲಿ, ನಾನೇ ಕರ್ಕಂಡೋಗಿ ಬುಟ್ಟು ಬತ್ತೀನಿ" ಅಂತ ದಿನಕ್ಕೊಮ್ಮೆ ಹೇಳುತ್ತಿದ್ದ.

ಆ ವಾರ ನಾನು ಹೇಳಿದ ಸಿನಿಮಾದಲ್ಲಿ ಒಬ್ಬಳು ಬಡವರ ಹುಡುಗಿ ಸಿರಿವಂತನನ್ನು ಮದುವೆಯಾಗುತ್ತಾಳೆ. ಯಾರೋ ಬರೆದ ಒಂದು ಕಾಗದ ನಂಬಿ ಗಂಡ ಇಂಟರ್‌ವಲ್ಲಿಗೆ ಸರಿಯಾಗಿ ಅವಳಿಗೆ ಹೊಡೆಯುತ್ತಾನೆ. ಆಮೇಲೆ ಹೊಡೆಯುತ್ತಲೇ ಇರುತ್ತಾನೆ. ಅವಳು ಟ್ರಂಕು ಹಿಡಿದು ಹೊರಟುಬಿಡುತ್ತಾಳೆ. ರಸ್ತೆಯಲ್ಲಿ ಗಂಡನ ಕಾರು ಬಂದು ಪಕ್ಕದಲ್ಲಿ ನಿಲ್ಲುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅವ್ವ ನನ್ನ ಜಡೆ ಎಳೆದಿದ್ದಳು.

ಅತ್ತೆ ದಾರ ಸುತ್ತುವುದನ್ನು ನಿಲ್ಲಿಸಿ ಕೇಳಿದಳು: "ಕಾರು ಅತ್ಬುಟ್ಲಾ?"

ಎಲ್ಲಿತ್ತೋ ಆ ಆವೇಶ, ಎದ್ದು ನಿಂತೆ. "ಅತ್ತನಿಲ್ಲ ಕಣತ್ತೆ! ಬಾಗ್ಲು ದಡಾರ್ ಅಂತ ಮುಚ್ಚುದ್ಲು. ಒಡೆಯೋ ಕೈಗೆ ಕೈ ಮುಗ್ದಿದ್ದು ಸಾಕು ಅಂತ ಡೈಲಾಗ್ ಒಡುದ್ಲು. ಸೀದಾ ತೌರಿಗೆ ಬಂದ್ಲು. ಒಂದು ಒಲಿಯೋ ಮಿಷನ್ನು ಆಕ್ಕಂಡ್ಲು."

ಹೊಲಿಗೆ ಮಿಷನ್ನು ಯಾಕೆ ಬಂತು ಅಂದರೆ, ಸಿನಿಮಾ ಬಿಟ್ಟು ಬಂದ ಸಂಜೆ ಬಸ್‌ಸ್ಟ್ಯಾಂಡಿನ ಎದುರು ಒಬ್ಬಾಕೆ ಬಾಗಿಲಿಗೆ ಮಿಷನ್ನು ಹಾಕಿಕೊಂಡು ಟಕಟಕ ತುಳಿಯುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೆ. ಅಷ್ಟೇ. ಉಳಿದವರು ಭೇಷ್ ಅಂದು ಎಲೆ ಎತ್ತಿಕೊಂಡರು. ಅತ್ತೆ ಬಿಡಲಿಲ್ಲ.

"ಊರೋರು ಏನೂ ಅನ್ನನಿಲ್ವಾ?"

"ಅಂದ್ರು. ಆಮೇಲೆ ಎಲ್ರೂ ಅವ್ಳತ್ರಾನೇ ರವಿಕೆ ಒಲಿಸ್ಕಂಡ್ರು."

"ಅವಳ ಅಣ್ಣ?"

ಅಪ್ಪ ಹತ್ತು ಮಾರು ದೂರದಲ್ಲಿ ಒಲೆಗೆ ಸೌದೆ ತಳ್ಳುತ್ತಿದ್ದ. ನಾನು ಅವ್ವನ ಮುಖ ನೋಡಿದೆ. ಅವ್ವ ತಲೆ ಎತ್ತದೆ, "ಅಣ್ಣ ಮೊದ್ಲು ಕುಣುದ. ಆಮೇಕೆ ಸುಮ್ಕಾದ. ನಾನೂ ನೋಡಿವ್ನಿ ಆ ಸಿನ್ಮಾನ" ಅಂದಳು. ಅವ್ವ ನನ್ನ ಸುಳ್ಳಿಗೆ ಸಾಕ್ಷಿ ಹೇಳಿದ್ದು ಅದೊಂದೇ ಸಲ.

ಹತ್ತು ದಿನ ಕಳೆದು ಮಾವ ಕರೆದೊಯ್ಯಲು ಬಂದರು. ಅತ್ತೆ ಚಪ್ಪರದಿಂದ ಏಳಲೇ ಇಲ್ಲ. ಅಂಟಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು "ನಾ ಬರಾಕಿಲ್ಲ" ಅಂದಳು. ನನ್ನ ಡೈಲಾಗನ್ನು ಹೇಳುತ್ತಾಳೇನೋ ಅಂತ ಉಸಿರು ಬಿಗಿಹಿಡಿದು ಕಾದೆ. ಹೇಳಲಿಲ್ಲ, ಆ ಎರಡೇ ಮಾತು ಸಾಕಾಯಿತು. ಅಪ್ಪ ಮೂರು ದಿನ ಹಾರಾಡಿದ. ಮುಂದಿನ ಸಂತೆಗೆ ಹೋದ ಅವ್ವ ಸಿನಿಮಾಗೂ ಹೋಗದೆ, ಹಳೆಯದೊಂದು ಮಿಷನ್ನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು.

ಅತ್ತೆಗೆ ಈಗ ಎಪ್ಪತ್ತು. ಹುಣಸೂರಿನಲ್ಲಿ ಅವಳ ಅಂಗಡಿಯ ರವಿಕೆಗೆ ದೂರದ ಊರಾದ ಹ್ಯಾಂಡ್‌ಪೋಸ್ಟಿನಿಂದಲೂ ಜನ ಬರುತ್ತಾರೆ. ಬಂದ ಮದುವೆ ಹೆಣ್ಣುಗಳಿಗೆಲ್ಲ ಅಳತೆ ತೆಗೆಯುತ್ತಾ ಆ ಸಿನಿಮಾದ ಕತೆ ಹೇಳುತ್ತಾಳೆ, ಬಾಗಿಲು ಮುಚ್ಚುವ ಸದ್ದಿನ ಸಮೇತ. ತಾನು ಅದನ್ನು ನೋಡಿಯೇ ಇಲ್ಲ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಈಚೆಗೆ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ನನ್ನನ್ನು ಹತ್ತಿರ ಕರೆದು, "ಕೂಸು, ಈಗ ಎಲ್ಲಾ ಸಿನ್ಮಾನೂ ಫೋನಲ್ಲೇ ಐತಂತಲ್ಲ. ಈ ಕಣ್ಣಲ್ಲಿ ಮೊದ್ಲು ಅದ್ನೇ ನೋಡ್ಬೇಕು ಕಣವ್ವ" ಅಂದಳು.

ಅಯ್ಯೋ ದೇವರೇ, ನನಗೆ ಎಷ್ಟು ಖುಷಿಯಾಯಿತು! ಕೆಲಸಕ್ಕೆ ಹೋಗುವ ಬಸ್ಸಿನಲ್ಲೇ ಹುಡುಕಿದೆ. ಪೂರ್ತಿ ಸಿನಿಮಾ, ಒರೆಸಿಟ್ಟ ಹಾಗೆ ಸ್ವಚ್ಛವಾಗಿತ್ತು. ಹೋಗುತ್ತಾ ಬರುತ್ತಾ ಎರಡು ದಿನ ಬಸ್ಸಿನಲ್ಲೇ ನೋಡಿದೆ, ಹಾಡು ಬಂದಾಗ ಗುನುಗಿದೆ, ಪಕ್ಕದವರನ್ನು ತಿವಿದೆ. ಟ್ರಂಕು ಬಂತು, ಕಾರು ಬಂತು, ಬಾಗಿಲು ತೆರೆಯಿತು. ಅವಳು ಹತ್ತಿದಳು! ಹತ್ತಿ, ಮನೆಗೆ ಹೋಗಿ, ಗಂಡನಿಗೆಂದು ವಿಲನ್ ಇಟ್ಟಿದ್ದ ವಿಷದ ಹಾಲನ್ನು ತಾನು ಕುಡಿದು, ಅವನ ಪಾದಕ್ಕೆ ಹಣೆ ಹಚ್ಚಿ ಪ್ರಾಣ ಬಿಟ್ಟಳು. ಅವನು ಅತ್ತ. ಶುಭಂ. ನನಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಒಬ್ಬ ಹೆಂಗಸು ತನ್ನ ಬದುಕನ್ನೇ ಹನ್ನೆರಡು ವರ್ಷದ ಹುಡುಗಿ ಬಿಟ್ಟ ಬುರುಡೆಯ ಮೇಲೆ ಕಟ್ಟಿಕೊಂಡಿದ್ದಾಳೆ. ಗೊತ್ತಾದರೆ ಅವಳು ನನ್ನ ಮುಖ ನೋಡುತ್ತಾಳೆಯೇ?

ನೆಟ್ ಇಲ್ಲ ಅಂದೆ. ಸಿಕ್ಕಲಿಲ್ಲ ಅಂದೆ. ಅರ್ಧ ಮಾತ್ರ ಇದೆ ಅಂದೆ. ಮೂರು ವಾರ ಹೀಗೇ ದೂಡಿದೆ. ಕೊನೆಗೆ ಅಂಗಡಿಗೆ ಬಂದ ಯಾವುದೋ ಮದುವೆ ಹೆಣ್ಣಿನ ಕೈಯಲ್ಲಿ ಹುಡುಕಿಸಿಕೊಂಡು, ಭಾನುವಾರ ಬೆಳಿಗ್ಗೆ ಟೀವಿಗೆ ಹಾಕಿಸಿ ನನಗೆ ಹೇಳಿಕಳಿಸಿದಳು. ಉಪ್ಪಿಟ್ಟು ಮಾಡಿದ್ದಳು, ರೇಷ್ಮೆ ಸೀರೆ ಉಟ್ಟಿದ್ದಳು.

ಇಬ್ಬರೂ ಚಾಪೆಯ ಮೇಲೆ ಕೂತೆವು. ಪ್ರತಿ ಹಾಡಿಗೂ "ನೀನೂ ಇಂಗೇ ಆಡಿದ್ದೆ" ಅಂತ ನನ್ನ ತೊಡೆಗೆ ಹೊಡೆದು ನಗುತ್ತಿದ್ದಳು. ಅವಳ ಖುಷಿ ನೋಡಿ ನನಗೂ ಹೆದರಿಕೆ ಮರೆತುಹೋಗಿ, ಫೈಟಿಗೆ ಡಿಶುಂ ಅಂದೆ. ಕಾರು ಬರುವ ಹೊತ್ತಿಗೆ ರಿಮೋಟಿಗೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಬಿಡಲೇ ಇಲ್ಲ. ನಾಯಕಿ ಕಾರು ಹತ್ತುವವರೆಗೂ, ಹಾಲು ಕುಡಿಯುವವರೆಗೂ, ಪಾದದ ಮೇಲೆ ಬೀಳುವವರೆಗೂ ಹಿಡಿದೇ ಇದ್ದಳು.

ಟೀವಿ ತಾನಾಗಿ ಬೇರೇನೋ ಜಾಹೀರಾತು ಶುರು ಮಾಡಿತು. ನಾನು ಬಿಕ್ಕುತ್ತಾ, "ಅತ್ತೆ, ನಾವು ಕೊನೆ ನೋಡಿರ್ಲಿಲ್ಲ, ಬಸ್ಸಿಗೆ ಎದ್ದು ಬಂದ್ಬುಟ್ಟಿದ್ವಿ. ನಾನು ಸುಳ್ಳು ಹೇಳ್ದೆ" ಅಂದೆ.

ಅತ್ತೆ ಮೊದಲು ಟೀವಿಯನ್ನು ಬೈದಳು. "ಥೂ, ಮುಂಡೇವು! ಅಷ್ಟು ಚೆಂದಾಗಿ ಆಡೋ ಎಣ್ಣ ಸುಮ್ ಸುಮ್ಕೆ ಸಾಯ್ಸವ್ರಲ್ಲ!" ಆಮೇಲೆ ನನ್ನ ಕಡೆ ತಿರುಗಿದಳು. ಹೊಸ ಕಣ್ಣಲ್ಲಿ ನೀರು ತುಂಬಿತ್ತು. ಕಣ್ಣಿಗೆ ನೀರು ತಾಗಬಾರದು ಅಂತ ಡಾಕ್ಟರು ಹೇಳಿದ್ದು ನನಗೆ ನೆನಪಾಗಿ, ಸೆರಗಿನ ತುದಿಯಲ್ಲಿ ಮೆಲ್ಲಗೆ ಒತ್ತಿದೆ.

"ನೀನು ಆವತ್ತು ಪೂರ್ತಿ ನೋಡ್ಕಂಡು ಬಂದಿದ್ರೆ, ನಾನೂ ಕಾರು ಅತ್ಬುಡ್ತಿದ್ದೆ ಕಣ್ ಕೂಸು" ಅಂದಳು.