ತೆಂಗಿನೆಣ್ಣೆ ಸವರಿದ ವೈರು

ಅಪ್ಪಯ್ಯನ ಕೆಲಸದ ಚೀಲದಲ್ಲಿ ಟೆಸ್ಟರು, ಇಕ್ಕಳಗಳ ಜೊತೆಗೆ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ ಇರುತ್ತಿತ್ತು. ಗೋಡೆಯೊಳಗಿನ ಪೈಪಿಗೆ ವೈರು ಎಳೆಯುವ ಮೊದಲು ಅದಕ್ಕೆ ಎಣ್ಣೆ ಸವರುತ್ತಿದ್ದರು. ಬೇರೆ ವೈರ್‌ಮನ್‌ಗಳು ಅರ್ಧ ದಿನ ಗುದ್ದಾಡುವ ಕಡೆ ಅವರ ವೈರು ಕೇರೆಹಾವಿನ ಹಾಗೆ ಸರಕ್ಕನೆ ಆಚೆ ಬರುತ್ತಿತ್ತು. ಕೋಟದಿಂದ ಬೈಂದೂರಿನವರೆಗೆ ಈ ಉಪಾಯ ಕಲಿತವರೆಲ್ಲ ತಮ್ಮಿಂದಲೇ ಕಲಿತದ್ದು ಎಂದು ಅವರಿಗೆ ಬಲು ಜಂಬ. ನನಗೂ ಇತ್ತು.

ಅಂಥ ಮನೆಯಿಂದ ಹೋಗಿ ನಾನು ಪಿಎಚ್‌ಡಿಗೆ ಹಿಡಿದದ್ದು ಕೂಡ ವೈರನ್ನೇ. ವೈರಿನ ಮೇಲಿನ ಪ್ಲಾಸ್ಟಿಕ್ಕು ಬಿಸಿಗೆ ಹೇಗೆ ಒಡೆಯುತ್ತದೆ, ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಮೊದಲೇ ಹೇಳಬಲ್ಲ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸ. "ವೈರ್ ಸುಡುಕೆ ಇಷ್ಟ್ ವರ್ಷ ಓದ್ಕಾ?" ಎಂದು ಚಿಕ್ಕಮ್ಮ ನಗಾಡುತ್ತಿದ್ದರು. ಅಪ್ಪಯ್ಯ ಮಾತ್ರ ನಗುತ್ತಿರಲಿಲ್ಲ. ಮಗಳು ತನ್ನ ಕೆಲಸವನ್ನೇ ಮೇಲಿನ ಕ್ಲಾಸಿನಲ್ಲಿ ಓದುತ್ತಿದ್ದಾಳೆ ಎಂಬ ಭಾವನೆ ಅವರದು.

ಅಂಗಡಿಯಿಂದ ತಂದ ಹೊಸ ವೈರಿಗೆ ನನ್ನ ಲೆಕ್ಕ ಚೆನ್ನಾಗಿ ಕೂತಿತು. ಮನೆಗಳಲ್ಲಿ ಇರುವುದು ಹಳೆಯ ವೈರಲ್ಲವೇ, ಅದು ಬೇಕು ಎಂದರು ಗೈಡು. ಅಪ್ಪಯ್ಯನಿಗೆ ಹೇಳಿದ್ದೇ ತಡ, ರಿಪೇರಿಗೆ ಹೋದ ಕಡೆಯಿಂದೆಲ್ಲ ತಾವೇ ಹಿಂದೆ ಹಾಕಿದ್ದ ವೈರಿನ ತುಂಡುಗಳನ್ನು ತಂದರು. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ 'ಕೋಟೇಶ್ವರ, ಕೆರೆ ಹತ್ರದ ಮನೆ, ಅಡುಗೆ ಕೋಣೆ' ಎಂದು ಗುಂಡು ಅಕ್ಷರದಲ್ಲಿ ಬರೆದಿದ್ದರು.

ಆ ತುಂಡುಗಳು ನನ್ನ ಪ್ರಾಣ ತಿಂದವು. ಸಾಸಿವೆಯಷ್ಟು ಪ್ಲಾಸ್ಟಿಕ್ಕನ್ನು ಯಂತ್ರದಲ್ಲಿಟ್ಟು ಬಿಸಿ ಏರಿಸುತ್ತ ಹೋದರೆ ಅದು ಒಡೆದು ಹೊಗೆಯಾಗಿ ತೂಕ ಎಷ್ಟು ಬಿಸಿಗೆ ಇಳಿಯಬೇಕೆಂದು ಲೆಕ್ಕ ಹೇಳುತ್ತಿತ್ತೋ ಅದಕ್ಕಿಂತ ಎಷ್ಟೋ ಮೊದಲೇ ಇಳಿಯುತ್ತಿತ್ತು. ವಯಸ್ಸು, ಉಪ್ಪುಗಾಳಿ, ಸೆಕೆ ಎಲ್ಲವನ್ನೂ ಸೇರಿಸಿದೆ. ಕೂರಲಿಲ್ಲ. ಒಂದು ವರ್ಷ ಹೀಗೇ ಹೋಯಿತು. ಒಂದು ದಿನ ಸಿಟ್ಟಿನಲ್ಲಿ ಒಂದು ತುಂಡನ್ನು ಕೈಯಲ್ಲಿ ಮುರಿದೆ. ಬಗ್ಗಬೇಕಾದದ್ದು ಕಡ್ಡಿಯ ಹಾಗೆ ಲಟಕ್ಕೆಂದಿತು. ಬೆರಳಿಗೆ ಕಮಟು ವಾಸನೆ ಅಂಟಿತು. ಹಳೇ ತೆಂಗಿನೆಣ್ಣೆ.

ವೈರನ್ನು ಮೆತ್ತಗೆ ಇಡುವ ಅಂಶವನ್ನು ಎಣ್ಣೆ ವರ್ಷಾನುಗಟ್ಟಲೆ ಹೀರಿತ್ತು. ಅಲ್ಲಲ್ಲಿ ಬಿರುಕು ಬಿಟ್ಟ ಪ್ಲಾಸ್ಟಿಕ್ಕಿನ ಮೇಲೆ ತಾನೂ ಉರಿಯಲು ಸಿದ್ಧವಾಗಿ ಕೂತಿತ್ತು. ಎಣ್ಣೆಯನ್ನು ಸೇರಿಸಿದ ಕೂಡಲೇ ಲೆಕ್ಕ ಕೂತಿತು. ನಾನು ಬಸ್ಸು ಹತ್ತಿ ಊರಿಗೆ ಬಂದೆ. ಅಪ್ಪಯ್ಯ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಕೂಗಿದೆ:

"ಲೆಕ್ಕ ಸರಿ ಆಯ್ತ್ ಅಪ್ಪಯ್ಯ! ನಿಮ್ ಎಣ್ಣಿಯೇ ಕಾರಣ!"

ನಾಚಿಕೆಗೇಡಿ ನಾನು. ಕುಣಿಯುತ್ತಲೇ ಎಲ್ಲ ವಿವರಿಸಿದೆ. ಅವರ ಕೈ ಅನ್ನದ ಮೇಲೆ ನಿಂತಿತು.

"ಹಂಗಾರೆ ತಲ್ಲೂರಂದ್ ಇಲಿ ಅಲ್ದಾ?"

ತಲ್ಲೂರಿನಲ್ಲಿ ಅವರು ವೈರಿಂಗ್ ಮಾಡಿದ್ದ ಮನೆಯೊಂದು ಹಿಂದೆ ಹಾಡಹಗಲೇ ಸುಟ್ಟಿತ್ತು. ಮನೆಯವರು ಗದ್ದೆಯಲ್ಲಿದ್ದರು. ಹಾಸಿಗೆ ಹಿಡಿದಿದ್ದ ಮುದುಕಿ ಒಳಗಿದ್ದಳು. ಇಲಿ ವೈರು ಕಡಿದದ್ದು ಎಂದು ಅಪ್ಪಯ್ಯ ಹೇಳಿದ್ದರು, ಊರೂ ಒಪ್ಪಿತ್ತು. ಆಮೇಲೂ ಆ ದಾರಿಯಲ್ಲಿ ಹೋದಾಗೆಲ್ಲ, ಯಾರೂ ಕೇಳದಿದ್ದರೂ, "ಇಲಿ, ಮಾರಾಯ್ತಿ" ಎನ್ನುತ್ತಿದ್ದರು.

ಸುಟ್ಟು ಬೂದಿಯಾದದ್ದರಿಂದ ಹಿಂದಕ್ಕೆ ಹೋಗಿ ಕಾರಣ ಹೇಳಲು ನನ್ನ ಲೆಕ್ಕದಿಂದ ಆಗುವುದಿಲ್ಲ. ಇಲಿಯೇ ಇರಬಹುದು. ಎಣ್ಣೆಯೇ ಇರಬಹುದು. ಇಲಿಯೇ ಅಪ್ಪಯ್ಯ, ಎಂದರೆ ಮುಗಿಯುತ್ತಿತ್ತು. ಅವರು ಕಾಯುತ್ತಿದ್ದುದು ಅಷ್ಟಕ್ಕೇ. ನಾನು ಮಹಾ ಸತ್ಯವಂತೆ, "ಹೇಳುಕ್ ಆತಿಲ್ಲ" ಎಂದೆ. ಅವರು ತಟ್ಟೆಗೆ ನೀರು ಹಾಕಿ ಎದ್ದರು.

ಮರುದಿನದಿಂದ ಸ್ಕೂಟರಿನಲ್ಲಿ ಮನೆ ಮನೆ ತಿರುಗಿದರು. ಕೋಟ, ಕೋಟೇಶ್ವರ, ಬ್ರಹ್ಮಾವರ. 'ವೈರು ಬದಲಿಸಿ, ನಾನು ಹಾಕಿದ್ದು ಸರಿಯಿಲ್ಲ' ಎಂದು ತಮ್ಮ ಬಾಯಿಂದಲೇ ಹೇಳಿದರು. "ಹ್ವಾಯ್, ಇಷ್ಟ್ ವರ್ಷ ಎಂತ ಆಯ್ಲಿಲ್ಲ, ಈಗ ಎಂತ ಆಪ್ದ್? ಕೂಕಣಿ, ಚಾ ಕುಡ್ಕಂಡ್ ಹೋಯ್ನಿ" ಎಂದರು ಜನ. ಯಾರೂ ಬದಲಿಸಲಿಲ್ಲ. ಕೆಲಸ ಕಮ್ಮಿಯಾಗಿರಬೇಕು, ಹೊಸ ವೈರಿಂಗ್ ಹಿಡಿಯಲು ತಿರುಗುತ್ತಿದ್ದಾರೆ ಎಂದು ಒಬ್ಬರು ಬೆನ್ನ ಹಿಂದೆ ಆಡಿದ್ದು ಅವರ ಕಿವಿಗೂ ಬಿತ್ತು. ಅಂದಿನಿಂದ ಅವರು ತಿರುಗುವುದನ್ನೂ ಬಿಟ್ಟರು, ಕೆಲಸವನ್ನೂ ಬಿಟ್ಟರು. ಚೀಲ ಅಟ್ಟ ಸೇರಿತು.

ನನಗೆ ಡಾಕ್ಟರೇಟ್ ಬಂತು. ಕಪ್ಪು ರಟ್ಟಿನ ಪ್ರಬಂಧವನ್ನು ತಂದು ಅವರ ಮಡಿಲಲ್ಲಿಟ್ಟೆ. ಮೊದಲ ಪುಟದಲ್ಲಿ, ಮಾದರಿಗಳನ್ನು ಒದಗಿಸಿದ ತಂದೆಗೆ ಕೃತಜ್ಞತೆ ಎಂದು ಅವರ ಹೆಸರು ಹಾಕಿದ್ದೆ. ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಅವರು ಬೆರಳಿಟ್ಟು ಓದಬಲ್ಲರು.

"ನನ್ನ ಹೆಸ್ರ್ ತೆಗಿ ಮಗಾ. ತಲ್ಲೂರ್ ಮನಿಯರ್ ಯಾರಾರೂ ಓದಿರೆ?"

"ಇದನ್ನ್ ಯಾರೂ ಓದುದಿಲ್ಲ ಅಪ್ಪಯ್ಯ."

ಅವರು ನನ್ನ ಮುಖ ನೋಡಿದರು. "ಹಂಗಾರೆ ಎಂತಕ್ ಬರ್ದದ್ದ್?"

ಅಟ್ಟ ಹತ್ತಿ ಅವರ ಚೀಲದಿಂದ ವೈರು ಸುಲಿಯುವ ಚೂರಿ ತಂದು ಆ ಹಾಳೆಯನ್ನು ಕೊಯ್ದು ತೆಗೆದೆ. ಉಳಿದ ಪ್ರತಿಗಳು ವಿಶ್ವವಿದ್ಯಾಲಯದ ಕಪಾಟಿನಲ್ಲಿವೆ. ಅಲ್ಲಿ ಅವರ ಹೆಸರು ಇದೆ. ಅದನ್ನು ನಾನು ಅವರಿಗೆ ಹೇಳಿಲ್ಲ.