ಅಕ್ಕ ಓದಿ ಹೇಳಿದ ಬೈಗುಳ

ನಾನು ಹಿಂದೂಪುರದ ಕನ್ನಡ ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತನಾದವನು. ಆಮೇಲೆ ಬೈಯಲು ಮಕ್ಕಳು ಸಿಗುತ್ತಿರಲಿಲ್ಲ. ಅದಕ್ಕೇ ನೆಂಟರ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯ ಶುರುಮಾಡಿದೆ. ಅಲ್ಲಿ ನನ್ನ ಎದುರಾಳಿ ಭಾವ, ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ ಮಾಡುವ ಅಕ್ಕನ ಗಂಡ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಭಾವ ಅದು ದಂಡ ಎಂದರು. ನಾನು ಬಿಡುತ್ತೇನೆಯೇ? "ನಿಮ್ಮ ತಲೆಯಲ್ಲಿರೋದು ಬರೀ ಕಡಲೆಸಿಪ್ಪೆ" ಎಂದು ಬರೆದೆ. ಒಂದು ಗಂಟೆ ಬಿಟ್ಟು ಅವರ ಧ್ವನಿ ಸಂದೇಶ ಬಂತು: "ಮಂಚಿ ಮಾತು, ಒಳ್ಳೇ ಮಾತು ಹೇಳಿದ್ರಿ ಕಣಪ್ಪ ಮೇಷ್ಟ್ರೆ. ಯೋಚ್ನೆ ಮಾಡ್ತೀನಿ." ನನಗೆ ಮೈಯೆಲ್ಲ ಉರಿಯಿತು. ಮರುದಿನ ಕತ್ತೆ ಎಂದೆ. "ನೀವಂದಿದ್ದು ದಿಟ" ಎಂದರು. ಹೀಗೆ ನಾನು ತಿಂಗಳುಗಟ್ಟಲೆ ಬೈದೆ, ಅವರು ತಿಂಗಳುಗಟ್ಟಲೆ ಮೆಚ್ಚಿಕೊಂಡರು. ಕೊನೆಗೆ ಬಸ್ಸು ಪುಕ್ಕಟೆ ಇರಲೇಬೇಕು ಎಂದು ಒಪ್ಪಿಯೂಬಿಟ್ಟರು. ಎಲ್ಲಾ ನನ್ನ ವಾದದ ಶಕ್ತಿ ಎಂದು ಬೀಗಿದೆ.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಲೋ, ಕೆಟ್ಟೆ ಕಣ್ಲಾ! ನಿಮ್ ಭಾವಂಗೆ ತೆಲುಗಕ್ಷರ ಬಿಟ್ರೆ ಕನ್ನಡದಕ್ಷರ ಓದೋಕೆ ಬರಾಕಿಲ್ಲ. ನೀನು ಬರ್ದಿದ್ನೆಲ್ಲ ನಾನೇ ಓದಿ ಹೇಳ್ತಿದ್ದೆ. ಇದ್ದಂಗೇ ಓದಿದ್ರೆ ನನ್ನ ತವರಿಗೆ ಕಳಿಸ್ತಿದ್ರಾ? ಅದಕ್ಕೆ ನಂಗೆ ತೋಚಿದ್ದ ಹೇಳ್ತಿದ್ದೆ. ಈಗ ಅಳಿಯ ಹೊಸ ಫೋನು ತಂದ್ಬುಟ್ಟವ್ನೆ, ಅದು ತಾನೇ ಓದ್ತೈತಂತೆ. ಮೊದಲಿಂದ ಎಲ್ಲಾ ಕೇಳ್ತೀನಿ ಅಂತ ಕೂತವ್ರೆ!"

ಹಳೆಯ ಸಂದೇಶಗಳನ್ನು ಅಳಿಸಲು ಹೋದೆ, ಆಗಲಿಲ್ಲ. ನನ್ನ ಬಾಯಿಚಪಲಕ್ಕೆ ಅಕ್ಕನಿಗೆ ತವರು ತಪ್ಪುತ್ತದಲ್ಲ ಎನಿಸಿತು. ಸಿಕ್ಕ ಬಸ್ಸು ಹತ್ತಿದೆ. ಪೆನುಕೊಂಡ ದಾಟುವಷ್ಟರಲ್ಲಿ ಕ್ಷಮಾಪಣೆಯ ಮಾತು ಸಿದ್ಧವಾಗಿತ್ತು. ಅದರಲ್ಲೂ ಎರಡು ಕಡೆ ತಪ್ಪು ಅವರದೇ ಎಂದು ಸೇರಿಸಿಕೊಂಡಿದ್ದೆ.

ಭಾವ ಜಗುಲಿಯ ಮೇಲೆ ಫೋನು ಹಿಡಿದು ಕೂತಿದ್ದರು. ರೈಲು ನಿಲ್ದಾಣದಲ್ಲಿ ಕೇಳುವಂಥ ಹೆಣ್ಣು ದನಿ ಬಹಳ ಸಮಾಧಾನದಿಂದ, "ನೀವು ಕತ್ತೆ" ಎನ್ನುತ್ತಿತ್ತು.

"ಬನ್ನಿ ಮೇಷ್ಟ್ರೆ. ಈ ಫೋನು ಕೆಟ್ಟೋಗೈತೆ ಕಣಪ್ಪ, ಬಾಯಿ ಬಿಟ್ರೆ ಬೈತೈತೆ. ನೀವು ಹಿಂಗೆಲ್ಲ ಬರೆಯೋರಾ?"

ಹೌದು, ಫೋನೇ ಸರಿಯಿಲ್ಲ ಎಂದುಬಿಡಬಹುದಿತ್ತು. ಆದರೆ ಅವರು ನನ್ನನ್ನು ಅಷ್ಟು ನಂಬಿದ್ದು ನೋಡಿ ನಿಜಕ್ಕೂ ನಾಚಿಕೆಯಾಯಿತು.

"ನಾನೇ ಬರೆದಿದ್ದು ಭಾವ. ತಪ್ಪಾಯ್ತು" ಎಂದೆ. ಉಳಿದ ಎರಡು ಅಂಶ ಮರೆತೇಹೋದವು.

ಭಾವ ಫೋನನ್ನು ತೊಡೆಯ ಮೇಲಿಟ್ಟು ಕೇಳಿದರು: "ಮತ್ತೆ ಹೆಂಗಸು ತವರಿಗೆ ಹೋಗೋಕೆ ಗಂಡನ ಮುಖ ನೋಡಿ ಕೂರಬಾರ್ದು ಅಂದಿದ್ದು? ಅದನ್ನ ಕೇಳೇ ನಾನು ಪುಕ್ಕಟೆ ಬಸ್ಸಿಗೆ ಒಪ್ಪಿದ್ದು."

"ಅದು ನಾನಂದಿದ್ದು" ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ನನ್ ಮಾತು ಅಂದಿದ್ರೆ ಕೇಳ್ತಿದ್ರಾ?"

ನಾವಿಬ್ಬರೂ ನೆಲ ನೋಡಿದೆವು. ಫೋನು ಮಾತ್ರ ಮುಂದಿನ ಬೈಗುಳಕ್ಕೆ ಹೋಯಿತು. ಭಾವ ಅದರ ಬಾಯಿ ಮುಚ್ಚಿಸಿ, "ಇವಳನ್ನ ಗುಂಪಿಗೆ ಸೇರ್ಸಪ್ಪ" ಎಂದರು.

ಅಲ್ಲೇ ನಿಂತು ಸೇರಿಸಿದೆ. ಅಕ್ಕ ಒಳಗೆ ಹೋಗಿ ತನ್ನ ಮೊದಲ ಸಂದೇಶ ಬರೆದಳು. ಭಾವನ ಫೋನು ಅದನ್ನು ಒಂದಕ್ಷರವೂ ಬಿಡದೆ ಓದಿತು: "ಇಬ್ರೂ ಬಾಯ್ಮುಚ್ಕೊಂಡು ಬಿದ್ದಿರ್ರಿ. ಇನ್ಮೇಲೆ ನಾನು ಮಾತಾಡ್ತೀನಿ."