ಅಪ್ಪ ಕೊಟ್ಟ ಇಂಟಿಗ್ರಲ್

ಹೈದರಾಬಾದಿನ ಮಿಯಾಪುರಕ್ಕೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ರಸ್ತೆ ನಡುವೆ ಕಂಬಗಳಷ್ಟೇ ಎದ್ದಿದ್ದವು. ನಮ್ಮ ಕ್ವಾರ್ಟರ್ಸಿನಲ್ಲಿ ಬೇಸಿಗೆ ಎಂದರೆ ಕೂಲರಿನ ಒದ್ದೆ ಹುಲ್ಲಿನ ವಾಸನೆ, ಮಂಚದ ಕೆಳಗೆ ಹಣ್ಣಾಗಲು ಹರವಿದ ಬಂಗನಪಲ್ಲಿ ಮಾವು, ಸಂಜೆ ಶಟಲ್ ಆಟ. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮೊದಲ ವರ್ಷ ಮುಗಿಸಿದ ನನಗೆ ಆ ಬೇಸಿಗೆ ಇದೊಂದೂ ದಕ್ಕಲಿಲ್ಲ.

ಅಪ್ಪ ರಾಯಚೂರಿನಿಂದ ಬಂದವರು, ಇಲ್ಲಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಮನೆ ಕೂಗಳತೆಯಲ್ಲಿದ್ದರೂ ಇಂಟರ್ ಮಕ್ಕಳನ್ನು ಹಾಸ್ಟೆಲಿನಲ್ಲಿ ಕೂಡಿಹಾಕಿ ಓದಿಸುವುದು ಹೈದರಾಬಾದಿನ ರೂಢಿ. ನನ್ನನ್ನೂ ಹಾಗೇ ಹಾಕಬೇಕೆಂದು ಅವರ ಜೊತೆಯವರು ಕಿವಿ ಊದಿದ್ದರು. ನಾನು ಅತ್ತೆ, ಊಟ ಬಿಟ್ಟೆ, ಅವ್ವನ ಸೆರಗು ಹಿಡಿದೆ. ಕೊನೆಗೆ ಅಪ್ಪ ಒಂದು ಹಾಳೆಯ ಮೇಲೆ ನೆನಪಿನಿಂದಲೇ ಒಂದು ಲೆಕ್ಕ ಬರೆದುಕೊಟ್ಟರು.

"ಇದನ್ನ ನಾವು ಕಾಲೇಜಿನ್ಯಾಗ ಎರಡು ಸಾಲಿನ್ಯಾಗ ಮುಗಸ್ತಿದ್ವಿ. ಐತವಾರದೊಳಗ ಬಿಡಿಸಿ ತೋರಿಸು. ಮನ್ಯಾಗ ಇದ್ದೂ ಓದತಿ ಅಂತ ನಂಬತೀನಿ."

ಇ ಪವರ್ ಎಕ್ಸ್ ಸ್ಕ್ವೇರ್. ಅದನ್ನು ಇಂಟಿಗ್ರೇಟ್ ಮಾಡಬೇಕು. ನೋಡಲು ಬಡಪಾಯಿ. ಎಕ್ಸ್ ಸ್ಕ್ವೇರಿನ ಜಾಗಕ್ಕೆ ಟಿ ಹಾಕಿದರೆ ಅದರ ವರ್ಗಮೂಲ ಬಂದು ಅಡ್ಡ ಕೂತಿತು. ಇನ್ನೊಂದು ದಾರಿ ಹಿಡಿದರೆ ಮೊದಲಿಗಿಂತ ದೊಡ್ಡ ಇಂಟಿಗ್ರಲ್ ಹುಟ್ಟಿತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಾವಿನ ಹೋಳು ತಂದಿಟ್ಟ ಅವ್ವನ ಮೇಲೆ ಸಿಡುಕಿದೆ. ಆಟಕ್ಕೆ ಕರೆಯಲು ಬಂದ ಗೆಳತಿಯನ್ನು ಬಾಗಿಲಿಂದಲೇ ಕಳಿಸಿದೆ. ಹಾಸ್ಟೆಲಿನ ಕಬ್ಬಿಣದ ಮಂಚವೇ ಕಣ್ಣಿಗೆ ಕಟ್ಟುತ್ತಿತ್ತು.

"ಏನ ಹುಡುಗೀನ ನೀ, ಕಾಲು ಸುಟ್ಟ ಬೆಕ್ಕಿನಂಗ ಓಡಾಡಾಕತ್ತೀ!" ಎಂದಳು ಅವ್ವ.

ಶನಿವಾರ ತಡೆಯಲಾರದೆ ಹಿಂದಿನ ಬೀದಿಯಲ್ಲಿದ್ದ ಗಣಿತದ ಮೇಡಂ ಮನೆಗೆ ಓಡಿದೆ. ಅವರು ಹಾಳೆ ನೋಡಿ ನಕ್ಕೇಬಿಟ್ಟರು. "ಇದಿ ಎವರಿಕೀ ರಾದಮ್ಮಾ," ಎಂದರು. ಇದು ಯಾರಿಗೂ ಬರುವುದಿಲ್ಲಮ್ಮಾ ಎಂದು, ತೆಲುಗಿನಲ್ಲಿ. ಉತ್ತರ ಎಂಬುದು ಇದೆ, ಗ್ರಾಫಿನ ಗೆರೆಯ ಕೆಳಗಿನ ಜಾಗವನ್ನು ಬೇಕಾದರೆ ಅಳೆಯಬಹುದು. ಆದರೆ ಸೈನ್, ಲಾಗ್, ವರ್ಗಮೂಲ ಎಂದು ನಾವು ಕಲಿತದ್ದನ್ನೆಲ್ಲ ಹೇಗೆ ಜೋಡಿಸಿದರೂ ಅದನ್ನು ಬರೆಯಲಾಗದು. ಹಾಗೆಂದು ಸಾಧಿಸಿಯೇ ತೋರಿಸಿದ್ದಾರಂತೆ. ಪಕ್ಕದಲ್ಲಿ ಇನ್ನೊಂದು ಎಕ್ಸ್ ಇದ್ದಿದ್ದರೆ ಎರಡೇ ಸಾಲಿನ ಕೆಲಸವಂತೆ.

ಕುಣಿಯುತ್ತ ಬಂದು ಹೇಳಿದೆ. ಅಪ್ಪ ನಂಬಲಿಲ್ಲ. "ಬರಂಗಿಲ್ಲ ಅನ್ನೂದೂ ಒಂದು ಉತ್ತರ ಏನು? ತಾ ಇಲ್ಲಿ."

ಭಾನುವಾರ ಬೆಳಿಗ್ಗೆ ತಾವೇ ಬಿಡಿಸಲು ಕೂತರು. ಪಕ್ಕದಲ್ಲಿ ನಾನು. ನಾನು ಬಿದ್ದ ಗುಂಡಿಗಳಲ್ಲೇ ಅವರೂ ಒಂದೊಂದಾಗಿ ಬಿದ್ದರು. "ಆ ಕಡೆ ದಾರಿ ಇಲ್ಲಪಾ" ಎಂದರೆ "ಸುಮ್ನಿರು" ಎಂದು ಗದರುವುದು, ಆಮೇಲೆ ಮೆಲ್ಲಗೆ "ಹಂಗಾರ ಯಾ ಕಡೆ ಹೋಗೂನು?" ಎಂದು ಕೇಳುವುದು. ಬದನೆಕಾಯಿ ಪಲ್ಯ ಆರಿತು, ರೊಟ್ಟಿ ಕಡಕಾದವು, ಅವ್ವ ಬೈದು ಬೈದು ಸುಸ್ತಾದಳು. ಅಪ್ಪನೂ ನಾನೂ ಒಂದೇ ಹಾಳೆಯ ಮೇಲೆ ಬಗ್ಗಿ ಜಗಳಾಡಿದ ಆ ದಿನ ನನಗೆ ಭಾಳ ಸುಖವಾಗಿತ್ತು.

ಸಂಜೆ ಅವರು ಪೆನ್ನು ಮುಚ್ಚಿಟ್ಟರು. "ಒಂದು ಎಕ್ಸ್ ಬಿಟ್ಟು ಬರದೀನವ್ವಾ."

"ಹಂಗಾರ ನಾ ಗೆದ್ದೆ! ನಾ ಮನ್ಯಾಗ ಇರತೀನಿ!"

ಅಪ್ಪ ನನ್ನ ತಲೆ ಸವರಿದರು. "ಗೆದ್ದಿ, ಖರೇ. ಆದ್ರ ಲೆಕ್ಕಾನ ತಪ್ಪೈತಿ ಅನ್ನೂದು ನನಗ ತಿಳೀಲಿಲ್ಲ ನೋಡು. ಇಂಥಾವ ನಾ ಮನ್ಯಾಗ ನಿನಗೇನು ಹೇಳಿಕೊಡಲಿ? ಹಾಸ್ಟೆಲಿನ್ಯಾಗ ತಿಳದವರ ಕೈಯಾಗ ಇರು."

ಜೂನಿನಲ್ಲಿ ಹಾಸ್ಟೆಲಿಗೆ ಹೋದೆ. ಓದು ಕೈಹಿಡಿಯಿತು, ಸುಳ್ಳೇಕೆ. ಆದರೆ ಮನೆಯ ಮಗಳಾಗಿ ಆ ಮನೆಯಲ್ಲಿ ಮತ್ತೆಂದೂ ಇರಲಿಲ್ಲ.

ಈಗ ಇದೇ ಊರಿನ ಗಚ್ಚಿಬೌಲಿಯಲ್ಲಿದ್ದೇನೆ. ವಾರಕ್ಕೊಮ್ಮೆ ಮನೆಗೆ ಹೋದಾಗ ಅಪ್ಪ ಎಲ್ಲವನ್ನೂ ನನ್ನನ್ನೇ ಕೇಳುತ್ತಾರೆ: ಯಾವ ಫೋನು, ಯಾವ ಡಾಕ್ಟರು, ಮನೆಗೆ ಯಾವ ಬಣ್ಣ. ನಾನು ಏನು ಹೇಳಿದರೂ "ನಿನಗ ಗೊತ್ತಿರತೈತಿ ಬಿಡವ್ವಾ" ಎನ್ನುತ್ತಾರೆ. ಜಗಳಕ್ಕೆ ಬರಲಿ ಎಂದು ಒಂದೆರಡು ಸಲ ಬೇಕೆಂದೇ ತಪ್ಪು ಹೇಳಿ ನೋಡಿದ್ದೇನೆ. ಅದಕ್ಕೂ ಹೂಂ ಎಂದರು.